ಆಗ ಕೇಳಿದ್ಯಲ್ಲ, ಅದಕ್ಕೆ

ಆ ಮನೆಯಲ್ಲಿ ಪ್ರಶ್ನೆ ಕೇಳಿದವರು ಉತ್ತರಕ್ಕಾಗಿ ನಿಲ್ಲುತ್ತಿರಲಿಲ್ಲ. ನಿಂತರೆ ನಿಂತೇ ಇರಬೇಕಾಗುತ್ತಿತ್ತು. ಉತ್ತರ ಕೊಡಬೇಕಾದ ಮನುಷ್ಯ, ಅಂದರೆ ಅಪ್ಪ, ಬೋರ್ಡ್ ಬರೆಯುವವರು. ಕುಂಚವನ್ನು ಹಲಗೆಗೆ ತಾಗಿಸಿದರೆಂದರೆ ಉಸಿರು ಕಟ್ಟುವರು. ಅಕ್ಷರದ ಹೊಟ್ಟೆ ಸುತ್ತಿ, ಬಾಲ ಎಳೆದು, ಕುಂಚ ಮೇಲೆತ್ತಿದ ಮೇಲೇ ಆ ಉಸಿರು ಹೊರಗೆ. ನಡುವೆ ಮನೆಗೆ ಬೆಂಕಿ ಬಿತ್ತು ಎಂದರೂ ಹೂಂ ಅನ್ನುತ್ತಿರಲಿಲ್ಲ. ಅಕ್ಷರ ಮುಗಿದ ಮೇಲೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಮೀಸೆಯೊಳಗೇ ಏನೋ ಗೊಣಗಿಕೊಂಡು, ಆಮೇಲೆ ಉತ್ತರ. ಅಷ್ಟು ಹೊತ್ತಿಗೆ ಕೇಳಿದವರು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿರುತ್ತಿದ್ದರು.

ಅಮ್ಮನದು ಕಾಯುವ ಜಾಯಮಾನವೇ ಅಲ್ಲ. ಅಡುಗೆಮನೆಯಿಂದ ಒಂದು ಪ್ರಶ್ನೆ ಎಸೆದು, ಬಟ್ಟೆ ಮಡಚುತ್ತ ಇನ್ನೊಂದು ಎಸೆದು, ಮೆಟ್ಟಿಲಿಳಿಯುತ್ತ ಮೂರನೆಯದನ್ನೂ ಎಸೆದು ಹೋಗುವ ಹೆಂಗಸು. ಇಂಥವರಿಗೂ ಅಂಥವರಿಗೂ ಗಂಟು ಹಾಕಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಆದರೂ ಸಂಸಾರ ನಡೆದಿತ್ತು, ಮಗಳು ತೊಟ್ಟಿಲಲ್ಲಿದ್ದ ಕಾಲದ ಆ ಒಂದು ದಿನದವರೆಗೆ.

ಅವತ್ತು ಅಮ್ಮ, ಕಿಟಕಿಗೆ ಪರದೆ ಯಾವ ಬಣ್ಣದ್ದು ತರಲಿ ಎಂದು ಕೇಳಿ ಒಳಗೆ ಹೋದರು. ಅಪ್ಪ ಒಂದು ಔಷಧದಂಗಡಿಯ ಬೋರ್ಡಿನಲ್ಲಿ ಮುಳುಗಿದ್ದರು. ಅಮ್ಮ ಮತ್ತೆ ಬಂದು, ಮಗು ಯಾಕೋ ಬೆಳಗ್ಗೆಯಿಂದ ಮಂಕಾಗಿದೆ, ಕಣ್ಣು ಹೇಗಿದೆ ನೋಡಿ ಎಂದು ತೊಟ್ಟಿಲನ್ನು ಅವರ ಪಕ್ಕಕ್ಕೆ ತಳ್ಳಿದರು. ಸರಿಯಾಗಿ ಆಗಲೇ ಅಕ್ಷರ ಮುಗಿಯಿತು. ಅಪ್ಪ ಉಸಿರು ಬಿಟ್ಟು, "ಹಳದಿ" ಎಂದರು.

ಅಮ್ಮನ ಜೀವ ಬಾಯಿಗೆ ಬಂತು. ಮಗುವಿಗೆ ಕಾಮಾಲೆ ಎಂದುಕೊಂಡು, ಎತ್ತಿಕೊಂಡು, ಕಾಲಿಗೆ ಚಪ್ಪಲಿಯೂ ಇಲ್ಲದೆ ಬೀದಿ ಕೊನೆಯ ಡಾಕ್ಟರ ಹತ್ತಿರ ಓಡಿದರು. ಡಾಕ್ಟರು ಕಣ್ಣು ನೋಡಿ, ನಾಲಿಗೆ ನೋಡಿ, ಹೊಟ್ಟೆ ಒತ್ತಿ, "ಮಗು ಗುಂಡುಕಲ್ಲಿನ ಹಾಗಿದೆ, ನಿಮಗೆ ಹಳದಿ ಅಂತ ಹೇಳಿದ್ಯಾರು?" ಎಂದು ಕೇಳಿದರು. ಆ ಸಂಜೆ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಜಗಳದ ಕೊನೆಗೆ ಒಂದು ಕಾನೂನು ಬಂತು. ಇನ್ನು ಮೇಲೆ ಯಾರೇ ಉತ್ತರ ಕೊಡಲಿ, ಅದು ಯಾವ ಪ್ರಶ್ನೆಗೆ ಎಂದು ಮೊದಲು ಹೇಳಬೇಕು. "ಆಗ ಕೇಳಿದ್ಯಲ್ಲ, ಪರದೆ, ಅದಕ್ಕೆ ಹಳದಿ."

ಅಪ್ಪನೂ ತಮ್ಮ ಕಡೆಯಿಂದ ಒಂದು ಕಲಮು ಸೇರಿಸಿದರು. ಅವರದೊಂದು ಹಟವಿತ್ತು. ಹುಡುಕು ಎಂದರೆ ಸಿಗುವವರೆಗೂ ಹುಡುಕುತ್ತಿದ್ದರು. ಕೇಳಿದವರಿಗೆ ಆ ವಸ್ತು ಆಗಲೇ ಸಿಕ್ಕಿ, ಬಳಸಿ, ಎತ್ತಿಟ್ಟೂ ಆಗಿರುತ್ತಿತ್ತು. ಇವರು ಮಾತ್ರ ಮಂಚದ ಕೆಳಗೆ. ಹಾಗಾಗಿ, ಸಿಕ್ಕಿದರೆ "ಸಿಕ್ತು ಬಿಡಿ" ಎಂದು ಕೂಗಲೇಬೇಕು. ಕೂಗದಿದ್ದರೆ ಹುಡುಕುವವನದು ತಪ್ಪಲ್ಲ.

ಆ ತೊಟ್ಟಿಲ ಮಗು ಬೆಳೆದು ದೊಡ್ಡವಳಾಗಿ, ಈ ಕಥೆ ನಡೆಯುವ ಹೊತ್ತಿಗೆ ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿಕೂದಲು ಎಣಿಸಿಕೊಳ್ಳುತ್ತಿದ್ದಳು. ಮದುವೆಯ ಮಾತು ಒಂದೆರಡು ಸಲ ಬಂದು, ಬಾಗಿಲಲ್ಲೇ ನಿಂತು, ವಾಪಸ್ಸು ಹೋಗಿತ್ತು. ಅದಕ್ಕೆ ಅವಳೇನೂ ಮುಖ ಊದಿಸಿಕೊಂಡಿರಲಿಲ್ಲ. ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಫೋನಕ್ಕ ಎನ್ನುತ್ತಿದ್ದರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಂಪ್ಯೂಟರಿನಲ್ಲಿ ಬರೆಯಲು ಒಂದು ಎಡಿಟರ್ ತಯಾರಿಸುವ ಪುಟ್ಟ ಕಂಪನಿ ಅದು. ಬರಹ ಕಾಣೆಯಾಯಿತು, ಅಕ್ಷರ ಮುರಿಯಿತು, ಪುಟ ಅಲ್ಲಾಡುತ್ತಿಲ್ಲ ಎಂದು ಜನ ಫೋನ್ ಮಾಡಿ ಬೈಯುವಾಗ, ಬೈಸಿಕೊಳ್ಳುವ ಕುರ್ಚಿ ಇವಳದು. ಬಹಳ ವರ್ಷ ಬೈಸಿಕೊಂಡಳು. ಬೈಸಿಕೊಳ್ಳುತ್ತಲೇ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ತಪ್ಪು ಎಲ್ಲೆಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಆ ಕುರ್ಚಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಫೋನು ಬಿಟ್ಟು ಪ್ರೋಗ್ರಾಂ ಬರೆಯುವವರ ಸಾಲಿಗೆ ತನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಲು ಅವಳು ನಿರ್ಧರಿಸಿದ ಸಂಜೆ, ಅಪ್ಪ ಮುಂದಿನ ಕೋಣೆಯಲ್ಲಿ ಯಾವುದೋ ಕ್ಲಿನಿಕ್ಕಿನ ಹೆಸರಿನ ಹಲಗೆ ಬರೆಯುತ್ತಿದ್ದರು. ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕುವ ಯಂತ್ರಗಳು ಬಂದ ಮೇಲೆ ದೊಡ್ಡ ಬೋರ್ಡುಗಳೆಲ್ಲ ಹೋಗಿ, ಬಾಗಿಲ ಹಲಗೆಗಳಷ್ಟೇ ಉಳಿದಿದ್ದವು. ಅವಳು ಕಿಟಕಿಯ ಹತ್ತಿರ ನಿಂತು ಕೇಳಿದಳು.

"ಅಪ್ಪ, ಇಷ್ಟು ವಯಸ್ಸಾದ್ಮೇಲೆ ಹೊಸ ಕೆಲಸ ನನ್ನ ಕೈಲಾಗುತ್ತಾ?"

ಕೇಳಿ, ಮನೆಯ ಪದ್ಧತಿ ಮುರಿದು, ಅಲ್ಲೇ ನಿಂತಳು. ಅಪ್ಪ ಅಕ್ಷರ ಮುಗಿಸಿದರು. ಕುಂಚ ಒರೆಸಿದರು. ಅವಳ ಮುಖ ನೋಡಿದರು, ಬಾಯಿ ತೆರೆದರು, ಮತ್ತೆ ಮುಚ್ಚಿದರು. ಅಷ್ಟರಲ್ಲಿ ಹಲಗೆ ಕೇಳಿಕೊಂಡು ಕ್ಲಿನಿಕ್ಕಿನವರು ಮೆಟ್ಟಿಲು ಹತ್ತಿ ಬಂದರು. ಮಾತು ಅಲ್ಲಿಗೇ ನಿಂತಿತು.

ಆ ರಾತ್ರಿ ಊಟಕ್ಕೆ ಕೂತಾಗಲೂ ಉತ್ತರ ಬರಲಿಲ್ಲ, ಮರುದಿನವೂ ಬರಲಿಲ್ಲ. ಸುಳ್ಳು ಹೇಳದ ಅಪ್ಪ ಸುಮ್ಮನಿದ್ದಾರೆಂದರೆ ಅದಕ್ಕೆ ಒಂದೇ ಅರ್ಥ ಎಂದುಕೊಂಡಳು. ಬಹಳ ನೋವಾಯಿತು. ಆ ನೋವಿನಲ್ಲೇ, ಹಟಕ್ಕೆ ಬಿದ್ದವಳಂತೆ, ಕಂಪನಿಯ ಮುಖ್ಯಸ್ಥರ ಕೋಣೆಗೆ ಹೋಗಿ ಕೇಳಿಯೇಬಿಟ್ಟಳು. ಮತ್ತೆ ಆ ಪ್ರಶ್ನೆಯನ್ನು ಮನೆಯಲ್ಲಿ ಎತ್ತಲಿಲ್ಲ.

ಮುಖ್ಯಸ್ಥರಿಗೆ ಕಂಪನಿಯಲ್ಲಿ ಸ್ವಲ್ಪ ಸಾರ್ ಎಂದು ಹೆಸರು. ಸ್ವಲ್ಪ ಬನ್ನಿ, ಸ್ವಲ್ಪ ಕೂತ್ಕೊಳ್ಳಿ, ಸ್ವಲ್ಪ ಕೆಟ್ಟ ಸುದ್ದಿ ಇದೆ, ಹೀಗೆ ಅವರ ಮಾತು. ಒಮ್ಮೆ ಕಟ್ಟಡದ ನೀರಿನ ತೊಟ್ಟಿ ಒಡೆದು ಮೊಣಕಾಲುದ್ದ ನೀರು ನಿಂತಾಗ, "ಸ್ವಲ್ಪ ಒದ್ದೆ ಆಗಿದೆ" ಎಂದಿದ್ದರು. ಕೆಟ್ಟ ಮನುಷ್ಯರಲ್ಲ. "ಸ್ವಲ್ಪ ನೋಡೋಣ" ಎಂದು ಅವಳಿಗೆ ಸಾಲಿನ ಕೊನೆಯ ಮೇಜು ಕೊಟ್ಟರು. ಮೇಜು ಬದಲಾಯಿತು, ಫೋನಕ್ಕ ಎಂಬ ಹೆಸರು ಬದಲಾಗಲಿಲ್ಲ. ವರ್ಷಗಳ ಕಾಲ ಚಿಲ್ಲರೆ ಕೆಲಸಗಳೇ ಸಿಕ್ಕವು. ಗುಂಡಿಯ ಬಣ್ಣ ಬದಲಿಸು, ಅಂಚು ಸರಿಮಾಡು, ಅಷ್ಟೇ. ಕೊನೆಗೆ ಒಂದು ದಿನ ನಿಜವಾದ ಕೆಲಸ ಕೈಗೆ ಬಂತು.

ಪ್ರಪಂಚದ ಬರಹವನ್ನು ರಾಶಿ ರಾಶಿ ಓದಿ, ವಾಕ್ಯ ಹೆಣೆಯುವುದನ್ನು ಕಲಿತಿರುವ ಯಂತ್ರವಿದೆಯಲ್ಲ, ಭಾಷಾ ಮಾದರಿ ಅನ್ನುತ್ತಾರಲ್ಲ, ಅದನ್ನು ಎಡಿಟರಿಗೆ ಜೋಡಿಸಬೇಕಿತ್ತು. ಬರೆಯುವವರು ಒಂದು ಪ್ಯಾರಾ ಗುರುತು ಮಾಡಿ, ಇದನ್ನು ತಿದ್ದಿಕೊಡು ಎಂದು ಗುಂಡಿ ಒತ್ತುತ್ತಾರೆ. ಪ್ರಶ್ನೆ ಎಲ್ಲೋ ದೂರದ ಯಂತ್ರಕ್ಕೆ ಹೋಗುತ್ತದೆ. ಉತ್ತರ ಬರಲು ಒಮ್ಮೆ ಕಣ್ಣು ಮಿಟುಕಿಸುವಷ್ಟು ಹೊತ್ತು, ಒಮ್ಮೆ ಬಾಯಿ ತುಂಬ ಆಕಳಿಸಿ ಮುಗಿಸುವಷ್ಟು ಹೊತ್ತು, ಮತ್ತೊಮ್ಮೆ ಎದ್ದು ಹೋಗಿ ನೀರು ಕುಡಿದು ಬರುವಷ್ಟು ಹೊತ್ತು. ಆ ಹೋಗಿಬರುವ ವ್ಯವಹಾರವನ್ನು ನೋಡಿಕೊಳ್ಳುವ ಪ್ರೋಗ್ರಾಂ ಫೋನಕ್ಕನ ಪಾಲಿಗೆ ಬಂತು.

ಬರೆದಳು. ಕಂಪನಿಯ ಎಲ್ಲರೂ ಪರೀಕ್ಷೆ ಮಾಡಿ ನೋಡಿದರು. ಎಳ್ಳಷ್ಟೂ ತಪ್ಪಿಲ್ಲ. ಸ್ವಲ್ಪ ಸಾರ್ ಸಂತೋಷದಿಂದ ಅದನ್ನು ಹೊರಗಿನ ಕೆಲವರಿಗೆ ಬಳಸಲು ಕೊಟ್ಟರು. ಅವರಲ್ಲಿ ಒಬ್ಬರು ನಿವೃತ್ತ ನರ್ಸಮ್ಮ. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಎಂದು ಒಂದು ಕೈಪಿಡಿ ಬರೆಯುತ್ತಿದ್ದರು.

ಆಮೇಲೆ ಒಂದು ಮಧ್ಯಾಹ್ನ ಕಂಪನಿಯ ಫೋನು ಬಡಿದುಕೊಂಡಿತು. ಆ ಕುರ್ಚಿಗೆ ಹೊಸದಾಗಿ ಬಂದಿದ್ದವರು ಕೆಲಸ ಬಿಟ್ಟು ಹೋಗಿದ್ದರು. ಹಳೆ ಅಭ್ಯಾಸ, ಫೋನಕ್ಕನ ಕೈ ತಾನೇ ಹೋಗಿ ಎತ್ತಿತು.

"ನಿಮ್ಮ ಎಡಿಟರು ನನ್ನ ಬರಹ ತಿಂದ್ಹಾಕ್ತು" ಎಂದಿತು ಆ ಕಡೆಯ ದನಿ. ಕೂಗಾಟವಿಲ್ಲ, ಅಳುವಿಲ್ಲ. ಜ್ವರ ಎಷ್ಟಿದೆ ಎಂದು ಹೇಳಿದಂಥ ದನಿ. "ಒಂದು ಪ್ಯಾರಾ ತಿದ್ದೋಕೆ ಕೊಟ್ಟೆ. ಅದು ಬರೋವರೆಗೆ ಸುಮ್ನೆ ಯಾಕೆ ಕೂರೋದು ಅಂತ, ಅದರ ಮೇಲ್ಗಡೆ ಇನ್ನೊಂದು ಬರೆದೆ. ಉತ್ತರ ಬಂದಿದ್ದು ಸೀದಾ ಹೊಸದರ ಮೇಲೆ ಕೂತ್ಕೊಂಡಿದೆ. ನಾನು ಬರೆದಿದ್ದು ಹೋಯ್ತು."

"ಹಿಂದಕ್ಕೆ ಹೋಗೋ ಗುಂಡಿ ಒತ್ತಿ ನೋಡಿದ್ರಾ ಅಮ್ಮ?"

"ಹೋಗಿದ್ದು ಗೊತ್ತಾದ್ರೆ ತಾನೇ ಒತ್ತೋದು? ಅಷ್ಟೊತ್ತಿಗೆ ನಾನು ಕೆಳಗಡೆ ಬರೀತಾ ಇದ್ದೆ. ಉಳಿಸಿ ಮುಚ್ಚಿ ಊಟಕ್ಕೆ ಎದ್ದೆ. ಇವತ್ತು ತೆಗೆದು ನೋಡಿದ್ರೆ ಇಲ್ಲ."

"ಏನಿತ್ತಮ್ಮ ಅದರಲ್ಲಿ?"

"ಮಲಗಿದವರನ್ನ ಮಗ್ಗುಲು ತಿರುಗಿಸೋದು. ಅವರಿಗೂ ನೋವಾಗಬಾರದು, ನಮ್ಮ ಸೊಂಟಾನೂ ಹೋಗಬಾರದು. ನನ್ನ ಕೈಗೆ ಗೊತ್ತು, ಬಾಯಿಗೆ ಬರ್ತಿರಲಿಲ್ಲ. ಅವತ್ತು ಹೇಗೋ ಬಂದಿತ್ತು. ಇರಲಿ ಬಿಡಮ್ಮ. ನಾನಿನ್ನು ಬರೆಯೋದಿಲ್ಲ."

ಬೈದಿದ್ದರೆ ಫೋನಕ್ಕ ತಡೆದುಕೊಳ್ಳುತ್ತಿದ್ದಳು. ಅದರಲ್ಲಿ ಅವಳು ಪಳಗಿದ ಕೈ. ಈ ಇರಲಿ ಬಿಡಮ್ಮ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ.

ತಪ್ಪು ಎಲ್ಲಿದೆಯೆಂದು ತಕ್ಷಣವೇ ಗೊತ್ತಾಯಿತು. ಪ್ರಶ್ನೆ ಕಳಿಸುವಾಗ ಅವಳ ಪ್ರೋಗ್ರಾಂ ಜಾಗವನ್ನು ಎಣಿಕೆಯಲ್ಲಿ ನೆನಪಿಟ್ಟುಕೊಳ್ಳುತ್ತಿತ್ತು. ಬರಹದ ಮೊದಲಿನಿಂದ ಇಷ್ಟನೆಯ ಅಕ್ಷರ, ಅಲ್ಲಿಂದ ಇಷ್ಟನೆಯ ಅಕ್ಷರದವರೆಗೆ ಎಂದು. ಸಾಲಿನಲ್ಲಿ ನಿಂತ ಐದನೆಯವರಿಗೆ ಈ ಚೀಲ ಕೊಡು ಎಂದು ಹೇಳಿ ಕಳಿಸಿದ ಹಾಗೆ. ಚೀಲ ಬರುವಷ್ಟರಲ್ಲಿ ಮುಂದೆ ಇಬ್ಬರು ನುಗ್ಗಿದರೆ ಅದು ಯಾರ ಕೈಗೋ ಹೋಗುತ್ತದೆ. ಕಂಪನಿಯಲ್ಲಿ ಇದು ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಪರೀಕ್ಷೆ ಮಾಡಿದವರೆಲ್ಲ ಶಿಸ್ತಿನ ಜನ. ಗುಂಡಿ ಒತ್ತಿ, ಕೈಕಟ್ಟಿ, ಉತ್ತರ ಬರುವವರೆಗೆ ಪರದೆ ನೋಡುತ್ತ ಕೂತಿದ್ದರು. ನರ್ಸಮ್ಮ ಕೂರಲಿಲ್ಲ. ಒಬ್ಬರ ಕಂಕುಳಿಗೆ ಥರ್ಮಾಮೀಟರ್ ಇಟ್ಟು, ಅದು ಏರುವವರೆಗೆ ಪಕ್ಕದ ಹಾಸಿಗೆಯವರಿಗೆ ಮಾತ್ರೆ ಕೊಟ್ಟು ಬರುವ ಕೈ ಅದು.

ಬೇರೆಯವರ ವಿಷಯ ಹೋಗಲಿ. ಕೇಳಿ ಮುಂದೆ ಹೋಗುವವರ ಮನೆಯಲ್ಲಿ ಹುಟ್ಟಿ, ಹಳದಿ ಎಂಬ ಒಂದು ಮಾತಿಗೆ ಬೀದಿಯುದ್ದಕ್ಕೂ ಹೊತ್ತೊಯ್ಯಲ್ಪಟ್ಟವಳು ತಾನು. ತನಗೂ ಇದು ಹೊಳೆಯಬಾರದೇ? ಅವಳಿಗೆ ತನ್ನ ಮೇಲೇ ರೇಗಿತು.

ಸ್ವಲ್ಪ ಸಾರ್ ಕರೆಸಿದರು. "ಸ್ವಲ್ಪ ಸುಲಭ ಮಾಡ್ಕೊಳ್ಳೋಣ. ಉತ್ತರ ಬರೋವರೆಗೆ ಪರದೆಗೆ ಬೀಗ. ಯಾರೂ ಏನೂ ಬರೆಯೋ ಹಾಗಿಲ್ಲ. ಆಗ ಯಾವುದೂ ಜರುಗೋದಿಲ್ಲ."

"ಸಾರ್, ಅವರ ಕೈ ಕಟ್ಟಿಹಾಕಿದ ಹಾಗಾಗುತ್ತೆ."

"ಕಟ್ಟಿದ್ರೆ ಏನೂ ಕಳೆಯೋದಿಲ್ಲವಲ್ಲ." ಅವರು ಮೇಜಿನ ಮೇಲಿನ ಪೆನ್ನನ್ನು ಸುಮ್ಮನೆ ಅತ್ತಿತ್ತ ಉರುಳಿಸಿದರು. "ನರ್ಸಮ್ಮನ ಕಾಲು ಹಿಡಿದು ಮುಂದಿನ ವಾರ ಒಂದ್ಸಲ ಬನ್ನಿ ಅಂದಿದೀನಿ. ಅಷ್ಟರಲ್ಲಿ ಬೇರೆ ದಾರಿ ಇದ್ರೆ ತೋರಿಸಿ. ಇಲ್ದಿದ್ರೆ ಬೀಗ. ಆಮೇಲೆ, ಸ್ವಲ್ಪ ಬೇಜಾರು ಮಾಡ್ಕೋಬೇಡಿ, ಫೋನ್ ಹತ್ರ ಈಗ ಯಾರೂ ಇಲ್ಲ."

ಅದು ಸ್ವಲ್ಪ ಬೇಜಾರಿನ ವಿಷಯವಾಗಿರಲಿಲ್ಲ. ಹಳೆಯ ಕುರ್ಚಿಗೆ ವಾಪಸ್ಸು ಹೋದರೆ ಈ ಜನ್ಮದಲ್ಲಿ ಇನ್ನೊಮ್ಮೆ ಏಳಲು ತನ್ನಿಂದ ಸಾಧ್ಯವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಪ್ಪ ಹೇಳದೆ ಹೇಳಿದ ಮಾತೇ ನಿಜವಾಯಿತಲ್ಲ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು. ಎದ್ದು ನೀರಿನ ಪಾತ್ರೆಯ ಹತ್ತಿರ ಹೋಗಿ, ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಂಡು ಬಂದು ಕೂತಳು.

ರಜೆಯ ದಿನ ಮನೆಯಲ್ಲಿ ಕಂಪ್ಯೂಟರ್ ತೆರೆದಿಟ್ಟುಕೊಂಡು ಮಂಕಾಗಿ ಕೂತಿದ್ದಾಗ, ಅಡುಗೆಮನೆಯಿಂದ ಅಮ್ಮನ ಪ್ರಶ್ನೆ ಹಾರಿಬಂತು. "ಕತ್ತರಿ ಎಲ್ಲಿ?"

ಅಪ್ಪ ಒಂದು ಬಾಗಿಲ ಹಲಗೆಯ ಮೇಲೆ ಬಗ್ಗಿದ್ದರು. ಉತ್ತರವಿಲ್ಲ. ಅಕ್ಷರ ಮುಗಿದ ಮೇಲೆ ಎದ್ದು ಕಪಾಟಿನ ಮೇಲೆ ನೋಡಿದರು, ಹೊಲಿಗೆ ಯಂತ್ರದ ಹಿಂದೆ ನೋಡಿದರು, ಕೊನೆಗೆ ಮಂಡಿಯೂರಿ ಮಂಚದ ಕೆಳಗೆ ನುಗ್ಗಿದರು. ಬಹಳ ಹೊತ್ತಿನ ಮೇಲೆ ತಲೆಯ ತುಂಬ ದೂಳು ಮಾಡಿಕೊಂಡು, ಒಂದು ಹಳೆಯ ಕತ್ತರಿ ಹಿಡಿದು ಹೊರಬಂದರು.

"ಆಗ ಕೇಳಿದ್ಯಲ್ಲ, ಕತ್ತರಿ, ಅದಕ್ಕೆ. ಇಗೋ."

ಅಮ್ಮ ಇನ್ನೊಂದು ಕತ್ತರಿಯಲ್ಲಿ ದಾರ ಕತ್ತರಿಸುತ್ತ ಕೂತಿದ್ದರು. "ನನಗೆ ಆಗಲೇ ಸಿಕ್ತಲ್ಲ."

"ಮತ್ತೆ ಸಿಕ್ತು ಬಿಡಿ ಅನ್ನೋದಕ್ಕೇನು ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಮರ್ತೆ. ಮರೆತಿದ್ದಕ್ಕೆ ನೇಣು ಹಾಕ್ತೀರಾ?"

"ಕಾನೂನು ಒಪ್ಪಿಕೊಂಡವಳೇ ಮರೆತ್ರೆ ಹೇಗೆ?" ಅಪ್ಪ ಕತ್ತರಿಯನ್ನು ಅವರ ಕೈಗೆ ತುರುಕಲಿಲ್ಲ. ಪಕ್ಕದ ಗೂಡಿನಲ್ಲಿಟ್ಟರು. "ಇಲ್ಲಿಟ್ಟಿರ್ತೀನಿ. ಬೇಕಾದ್ರೆ ತಗೋ, ಬೇಡದಿದ್ರೆ ಬಿಡು."

ಹುಟ್ಟಿದಾರಭ್ಯ ನೋಡಿದ್ದ ನಾಟಕ. ಮಗಳಿಗೆ ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಬಾಯಿಗೆ ಬೀಗ. ಅಪ್ಪ ಅಕ್ಷರ ಮುಗಿಸುವವರೆಗೆ ಅಮ್ಮನ ಕೈಕಾಲು ಕಟ್ಟಿ ನಿಲ್ಲಿಸಿದ್ದರೆ ಈ ಮನೆಯಲ್ಲಿ ಒಂದು ದಿನವೂ ಒಲೆ ಹೊತ್ತುತ್ತಿರಲಿಲ್ಲ. ಯಾರನ್ನೂ ನಿಲ್ಲಿಸದೆ, ಯಾವ ಉತ್ತರವನ್ನೂ ಕಳೆದುಕೊಳ್ಳದೆ, ಇವರಿಬ್ಬರೂ ಇಷ್ಟು ವರ್ಷ ಬದುಕಿದ್ದಾರಲ್ಲ. ಅವಳು ಕಂಪ್ಯೂಟರನ್ನು ಹತ್ತಿರ ಎಳೆದುಕೊಂಡಳು. ಊಟಕ್ಕೆ ಕರೆದರೂ ಏಳಲಿಲ್ಲ. "ಅಪ್ಪನ ರಕ್ತ" ಎಂದು ಅಮ್ಮ ತಟ್ಟೆಯನ್ನು ಪಕ್ಕಕ್ಕೆ ತಂದಿಟ್ಟರು.

ಹಳೆಯ ಎಣಿಕೆಯನ್ನು ಕಿತ್ತುಹಾಕಿದಳು. ಪ್ರತಿ ಪ್ರಶ್ನೆಗೂ ಒಂದು ಚೀಟಿ ಮಾಡಿ, ಆ ಚೀಟಿಯನ್ನು ಪ್ಯಾರಾದ ಬೆನ್ನಿಗೇ ಕಟ್ಟಿದಳು. ಪ್ಯಾರಾ ಮೇಲೆ ಹೋಗಲಿ ಕೆಳಗೆ ಹೋಗಲಿ, ಚೀಟಿಯೂ ಜೊತೆಗೇ ಹೋಗಬೇಕು. ಉತ್ತರವೂ ಅದೇ ಚೀಟಿ ಹಿಡಿದುಕೊಂಡು ಬಂದು ತನ್ನ ಪ್ಯಾರಾ ಹುಡುಕಿಕೊಳ್ಳಬೇಕು. ಬಂದದ್ದು ಬರಹದ ಮೇಲೆ ಕೂರಬಾರದು, ಪಕ್ಕದ ಅಂಚಿನಲ್ಲಿ ಕಾಯಬೇಕು. ಬರೆಯುವವರು ಬೇಕೆಂದರೆ ಮಾತ್ರ ಒಳಗೆ. ಅಷ್ಟರಲ್ಲಿ ಅವರೇ ಮಾತು ಬದಲಿಸಿದ್ದರೆ ಅದನ್ನೂ ಹೇಳಬೇಕು. ಪ್ಯಾರಾವನ್ನೇ ಅಳಿಸಿದರೆ, ಹೋದ ಪ್ರಶ್ನೆಯ ಹಿಂದೆಯೇ ಸಿಕ್ತು ಬಿಡಿ ಎಂಬ ಸುದ್ದಿ ಹೋಗಬೇಕು.

ಹೇಳುವಷ್ಟು ಸುಲಭವಾಗಿ ಆಗಲಿಲ್ಲ. ಒಂದೇ ಪ್ಯಾರಾಕ್ಕೆ ಎರಡು ಸಲ ಪ್ರಶ್ನೆ ಕೇಳಿ ನೋಡಿದಾಗ, ಎರಡನೆಯ ಉತ್ತರ ಮೊದಲು ಬಂತು, ಮೊದಲನೆಯದು ತಡವಾಗಿ ಬಂದು ಅದನ್ನು ತಳ್ಳಿ ಕೂತಿತು. ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ, ಹೊಸದಾಗಿ ಕೇಳಿದ ಕೂಡಲೇ ಹಳೆಯದಕ್ಕೆ ಬಿಡುಗಡೆ ಎಂದು ಬರೆದಳು. ಕಂಪನಿಯಲ್ಲಿ ಪರೀಕ್ಷೆ ಮಾಡಲು ಬಂದವರಿಗೆ, "ದಯವಿಟ್ಟು ಕಾಯಬೇಡಿ, ಕೇಳಿಬಿಟ್ಟು ತರಲೆ ಮಾಡಿ" ಎಂದು ಬೇಡಿಕೊಂಡಳು. ಶಿಸ್ತಿನ ಜನ ಕಷ್ಟಪಟ್ಟು ತರಲೆ ಮಾಡಿದರು.

ನರ್ಸಮ್ಮ ಬಂದರು. ಬಿಳಿ ಕೂದಲು, ಕೊರಳಿಗೆ ನೇತುಬಿದ್ದ ಕನ್ನಡಕ, ಸೀದಾ ಬೆನ್ನು. ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, "ಕಾಯಬೇಕಾ?" ಎಂದು ಕೇಳಿದರು.

"ಬೇಡಮ್ಮ. ಆಸ್ಪತ್ರೆಯಲ್ಲಿ ಹೇಗೆ ಮಾಡ್ತಿದ್ರೋ ಹಾಗೇ ಮಾಡಿ."

ನರ್ಸಮ್ಮ ಎರಡೇ ಬೆರಳಲ್ಲಿ, ಇಂಜೆಕ್ಷನ್ ಚುಚ್ಚಿದ ಹಾಗೆ ಒಂದೊಂದೇ ಕೀಲಿ ಒತ್ತಿದರು. ಒಂದು ಪ್ಯಾರಾ ತಿದ್ದಲು ಕೊಟ್ಟರು. ಕೊಟ್ಟ ಕೂಡಲೇ ಅದರ ಮೇಲೆ ಹೊಸದೊಂದು ಶುರು ಮಾಡಿದರು. ಕೆಳಗೆ ಹೋಗಿ ಇನ್ನೊಂದನ್ನು ಕೊಟ್ಟರು. ಸ್ವಲ್ಪ ಸಾರ್ ಹಿಂದೆ ನಿಂತು ಉಗುರು ಕಚ್ಚುತ್ತಿದ್ದರು. ಫೋನಕ್ಕ ಉಸಿರು ಕಟ್ಟಿ ನಿಂತಿದ್ದಳು, ಅಪ್ಪ ಅಕ್ಷರ ಎಳೆಯುವಾಗ ನಿಲ್ಲುವಂತೆಯೇ.

ಎರಡನೆಯದರ ಉತ್ತರ ಮೊದಲು ಬಂತು. ತನ್ನ ಪ್ಯಾರಾದ ಪಕ್ಕಕ್ಕೆ ಹೋಗಿ ತೆಪ್ಪಗೆ ಕೂತಿತು. ಮೊದಲನೆಯದು ತಡವಾಗಿ ಬಂತು. ಅದರ ಪ್ಯಾರಾ ಅಷ್ಟರಲ್ಲಿ ಎಷ್ಟೋ ಸಾಲು ಕೆಳಗೆ ಜರುಗಿತ್ತು. ಅಲ್ಲಿಗೇ ಹೋಯಿತು. ಮೇಲೆ ಹೊಸದಾಗಿ ಬರೆದದ್ದು ಒಂದಕ್ಷರವೂ ಅಲುಗಲಿಲ್ಲ. ನರ್ಸಮ್ಮ ಮೂರನೆಯದೊಂದನ್ನು ಕೊಟ್ಟು, ಬೇಕೆಂದೇ ಅದನ್ನು ಪೂರ್ತಿ ಅಳಿಸಿದರು. ಪಕ್ಕದಲ್ಲಿ ಮಿನುಗುತ್ತಿದ್ದ ಪುಟ್ಟ ಗುರುತೂ ಮಾಯವಾಯಿತು.

"ಎಲ್ಲಿ ಹೋಯ್ತದು?"

"ನೀವೇ ಅಳಿಸಿದ್ರಲ್ಲ, ಅದಕ್ಕೇ ಎಡಿಟರು ಸಿಕ್ತು ಬಿಡಿ ಅಂತ ಕೂಗಿದೆ" ಎಂದುಬಿಟ್ಟು ಫೋನಕ್ಕ ನಾಲಿಗೆ ಕಚ್ಚಿಕೊಂಡಳು. ಸ್ವಲ್ಪ ಸಾರ್ ಕಕ್ಕಾಬಿಕ್ಕಿಯಾಗಿ ಅವಳ ಮುಖ ನೋಡಿದರು.

ಆಮೇಲೆ ನರ್ಸಮ್ಮ ಕೈ ತಡೆದು ಕೂತರು. ನಿಧಾನವಾಗಿ, ಕಳೆದುಹೋದ ಆ ಪ್ಯಾರಾವನ್ನೇ ಮತ್ತೆ ಬರೆಯತೊಡಗಿದರು. ಮಲಗಿದವರನ್ನು ಮಗ್ಗುಲು ತಿರುಗಿಸುವುದು. ಅರ್ಧ ಬರೆದು ತಿದ್ದಲು ಕೊಟ್ಟರು. ಕಾಯದೆ ಮುಂದುವರಿಸಿದರು, ನಡುವೆ ಹಿಂದೆ ಹೋಗಿ ಒಂದು ವಾಕ್ಯ ಬದಲಿಸಿದರು. ಉತ್ತರ ಬಂದು ಅಂಚಿನಲ್ಲಿ ನಿಂತಿತು. ಅದರ ತಲೆಯ ಮೇಲೆ ಫೋನಕ್ಕ ಬರೆದಿಟ್ಟ ಒಂದು ಸಾಲು ಇತ್ತು. ನರ್ಸಮ್ಮ ಗಟ್ಟಿಯಾಗಿ ಓದಿದರು.

"ನೀವು ಆಗ ಕೇಳಿದಿರಲ್ಲ, ಅದಕ್ಕೆ ಇದು ಉತ್ತರ. ಆಮೇಲೆ ನೀವು ಮಾತು ಬದಲಿಸಿದ್ದೀರಿ. ಬೇಕಿದ್ದರೆ ತೆಗೆದುಕೊಳ್ಳಿ." ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಇದನ್ನ ಬರೆದಿದ್ದು ನೀನಾ?"

"ಹೌದಮ್ಮ."

ನರ್ಸಮ್ಮ ಯಂತ್ರದ ಉತ್ತರವನ್ನು ಪೂರ್ತಿ ಓದಿದರು. "ಚೆನ್ನಾಗಿ ಬರೆದಿದೆ. ಆದ್ರೆ ತಪ್ಪು. ತೋಳು ಹಿಡಿದು ಎಳೀರಿ ಅನ್ನುತ್ತೆ. ಹಾಗೆ ಎಳೆದ್ರೆ ಭುಜ ಕಳಚಿ ಕೈಗೆ ಬರುತ್ತೆ. ಇದು ನನ್ನ ಮಾತಿನ ಮೇಲೆ ಕೂತಿದ್ರೆ?" ಅವರು ಅದನ್ನು ಬೇಡವೆಂದು ಪಕ್ಕಕ್ಕೆ ಸರಿಸಿ, ತಮ್ಮದನ್ನೇ ಬರೆದು ಮುಗಿಸಿದರು.

"ಮೊದಲಿನಷ್ಟು ಚೆನ್ನಾಗಿ ಬಂತಾ ಅಮ್ಮ?" ಎಂದು ಫೋನಕ್ಕ ಹೆದರಿ ಹೆದರಿ ಕೇಳಿದಳು.

"ಇಲ್ಲ. ಮೊದಲಿಂದೇ ಚೆನ್ನಾಗಿತ್ತು." ನರ್ಸಮ್ಮ ಕನ್ನಡಕ ಇಳಿಸಿದರು. "ಆದ್ರೆ ಬಂತಲ್ಲ. ಇನ್ನು ಮಿಕ್ಕಿದ್ದು ಮನೇಲಿ ಬರೀತೀನಿ. ನನಗೆ ಈ ಅಂಚು ಬೇಕು, ತೆಗೀಬೇಡಿ."

ಅವರು ಮೆಟ್ಟಿಲಿಳಿದು ಹೋದ ಮೇಲೆ ಸ್ವಲ್ಪ ಸಾರ್ ಗಂಟಲು ಸರಿಮಾಡಿಕೊಂಡರು. "ಬೀಗ ಬೇಡ. ಫೋನಿಗೆ ಬೇರೆಯವರನ್ನ ನೋಡೋಣ." ಹೋಗುತ್ತ ಹೋಗುತ್ತ ತಿರುಗಿ, "ಬಹಳ ಚೆನ್ನಾಗಿದೆ" ಎಂದರು. ಬಹಳ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ಆ ಮಹಡಿಯ ಜನ ಅವತ್ತೇ ಮೊದಲು ಕೇಳಿದ್ದು. ಶಿಸ್ತಿನವರೆಲ್ಲ ಎದ್ದು ಬಂದು ಅವಳ ಸುತ್ತ ನಿಂತರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಪ್ಪ ಕಿಟಕಿಯ ಪಕ್ಕ ಒಂದು ಹಲಗೆಯ ಮೇಲೆ ಬಗ್ಗಿದ್ದರು. ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮನ ಪ್ರಶ್ನೆ ಬಂತು. "ಏನಾಯ್ತೇ?" ಅವಳು ಹೊಸ್ತಿಲಲ್ಲೇ ಕೂತು, ನರ್ಸಮ್ಮ ಕೂತದ್ದರಿಂದ ಹಿಡಿದು ಸ್ವಲ್ಪ ಸಾರ್ ಬಹಳ ಎಂದದ್ದರವರೆಗೆ ಒಂದೂ ಬಿಡದೆ ಹೇಳಿದಳು. ಅಂಚಿನ ಆ ಸಾಲು ಎಲ್ಲಿಂದ ಬಂತು ಎಂದೂ ಹೇಳಿದಳು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ಕಾನೂನು ಕಂಪ್ಯೂಟರಿಗೆ ಹೋಯ್ತಾ?" ಎನ್ನುತ್ತ ಒಲೆ ನೋಡಲು ಒಳಗೆ ಹೋದರು.

ಅಪ್ಪ ಅಕ್ಷರ ಮುಗಿಸಿದರು. ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು. ಮೀಸೆಯೊಳಗೆ ಏನೋ ಗೊಣಗಿದರು. ಆಮೇಲೆ ಹೇಳಿದರು.

"ಆಗ ಕೇಳಿದ್ಯಲ್ಲ, ಅದಕ್ಕೆ."

"ನಾನೇನೂ ಕೇಳ್ಲಿಲ್ಲವಲ್ಲಪ್ಪ. ಕೇಳಿದ್ದು ಅಮ್ಮ."

"ಇವತ್ತಲ್ಲ. ಅವತ್ತು. ಇದೇ ಕಿಟಕಿ ಹತ್ರ ನಿಂತಿದ್ದೆ. ಹೊಸ ಕೆಲಸ ನನ್ನ ಕೈಲಾಗುತ್ತಾ ಅಂತ."

ಅವಳ ಕೈ ಚೀಲದ ಮೇಲೇ ನಿಂತಿತು. "ಅದು ಎಷ್ಟು ವರ್ಷದ ಮಾತಪ್ಪ."

"ನೀನು ಸಿಕ್ತು ಬಿಡಿ ಅನ್ನಲಿಲ್ಲವಲ್ಲ. ಹುಡುಕ್ತಾನೇ ಇದ್ದೆ." ಅಪ್ಪ ಕುಂಚದ ತುದಿಯನ್ನು ಬಟ್ಟೆಯಲ್ಲಿ ಒರೆಸಿದರು. "ಅವತ್ತು ನನಗೆ ಗೊತ್ತಿರಲಿಲ್ಲಮ್ಮ. ಆಗುತ್ತೆ ಅಂದ್ರೆ ಗೊತ್ತಿಲ್ಲದ್ದನ್ನ ಹೇಳಿದ ಹಾಗಾಗ್ತಿತ್ತು. ಆಗಲ್ಲ ಅಂದಿದ್ರೆ ನೀನು ಬಿಟ್ಟುಬಿಡ್ತಿದ್ದೆ. ಅದಕ್ಕೇ ಬಾಯಿ ಮುಚ್ಕೊಂಡೆ. ದಿನಾ ನೀನು ಬಂದು ಚಪ್ಪಲಿ ಬಿಡೋದನ್ನ ನೋಡ್ತಿದ್ದೆ, ಇವತ್ತು ಗೊತ್ತಾಗುತ್ತಾ, ಇವತ್ತು ಗೊತ್ತಾಗುತ್ತಾ ಅಂತ."

"ನಾನು ಆಗಲ್ಲ ಅಂತ ಅಂದ್ಕೊಂಡಿದ್ದೆ ಅಪ್ಪ. ನೀನು ಸುಮ್ನಿದ್ದಿದ್ದಕ್ಕೆ."

"ನಾನ್ಯಾವಾಗ ಸುಮ್ನಿದ್ದೆ? ಅಕ್ಷರ ಮುಗಿದಿರಲಿಲ್ಲ, ಅಷ್ಟೇ." ಅಪ್ಪ ಅವಳನ್ನು ನೋಡಿದರು. "ಆಗುತ್ತೆ. ನಿನ್ನ ಕೈಲಾಗುತ್ತೆ."

ಸಿಕ್ತು ಬಿಡಪ್ಪ ಎನ್ನಬಹುದಿತ್ತು. ಉತ್ತರ ಮಧ್ಯಾಹ್ನವೇ ಸಿಕ್ಕಿತ್ತು, ಮನೆಯ ಕಾನೂನಿನ ಪ್ರಕಾರ ಹೇಳಲೂಬೇಕಿತ್ತು. ಅವಳು ಹೇಳಲಿಲ್ಲ. ಕಣ್ಣಲ್ಲಿ ನೀರು ತುಂಬಿ ಹಲಗೆಯ ಅಕ್ಷರಗಳೆಲ್ಲ ಕಲಸಿಹೋಗಿದ್ದವು.

"ಇನ್ನೊಂದ್ಸಲ ಹೇಳಪ್ಪ, ಸರಿಯಾಗಿ ಕೇಳಿಸ್ಲಿಲ್ಲ" ಎಂದಳು.

ಅಷ್ಟರಲ್ಲಿ ಅಪ್ಪ ಕುಂಚವನ್ನು ಬಣ್ಣದಲ್ಲಿ ಅದ್ದಿ, ಮುಂದಿನ ಅಕ್ಷರಕ್ಕೆ ಉಸಿರು ಕಟ್ಟಿಯಾಗಿತ್ತು. ಅವಳು ಚೀಲವನ್ನು ಪಕ್ಕಕ್ಕಿಟ್ಟು, ಗೋಡೆಗೆ ಒರಗಿ, ಹೊಸ್ತಿಲಲ್ಲೇ ಕೂತಳು. ಅವಳಿಗೆ ಏನೂ ಅವಸರವಿರಲಿಲ್ಲ.